ಹೊಟ್ಟೆ ಚಿಕ್ಕದಾಯ್ತು, ಚಪಲ ಹಾಗೇ ಇದೆ

ಈ ಸಲ ಒಂದೇ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ತೂಕ ಇಳಿಸುವ ಆಪರೇಷನ್ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ‘ಎಷ್ಟು ಕೆಜಿ ಇಳಿಯುತ್ತೆ, ಎಷ್ಟು ಖರ್ಚಾಗುತ್ತೆ’ ಅನ್ನುವವು. ಆಪರೇಷನ್ ಆಗಿ ಮೂರ್ನಾಲ್ಕು ವರ್ಷ ಕಳೆದವರು ಬರೆಯುವುದು ಅಪರೂಪ. ಬರೆದರೂ ಹೆಸರು ಹಾಕಬೇಡಿ ಅನ್ನುತ್ತಾರೆ. ದಾವಣಗೆರೆಯ ಈ ಓದುಗರೂ ಹಾಗೇ ಕೇಳಿಕೊಂಡಿದ್ದಾರೆ.

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 39 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. 2022ರ ಜನವರಿಯಲ್ಲಿ ಬೆಂಗಳೂರಿಗೆ ಹೋಗಿ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಆಗ 118 ಕೆಜಿ ಇದ್ದೆ. ಶುಗರ್ ಬಂದಿತ್ತು, ಮಂಡಿ ಹಿಡಿದುಕೊಂಡಿತ್ತು. ನಮ್ಮ ಯಜಮಾನರು ಒಂದು ಸೈಟ್ ಮಾರಿ ದುಡ್ಡು ಹೊಂದಿಸಿದರು. ಒಂದೂವರೆ ವರ್ಷಕ್ಕೆ 71ಕ್ಕೆ ಬಂದೆ. ಶುಗರ್ ಮಾತ್ರೆ ನಿಂತಿತು. ಊರವರೆಲ್ಲ ಗುರುತೇ ಸಿಗಲ್ಲ ಅಂದರು. ಈಗ 88 ಆಗಿದ್ದೇನೆ.

ಊಟ ಈಗಲೂ ಜಾಸ್ತಿ ಹೋಗಲ್ಲ ಮೇಡಂ. ಎರಡು ಇಡ್ಲಿ ತಿಂದರೆ ಎದೆಗೆ ಬಂದು ನಿಲ್ಲುತ್ತೆ. ಆದರೆ ಮಂಡಕ್ಕಿ, ನಿಪ್ಪಟ್ಟು, ಚಹಾದಲ್ಲಿ ಅದ್ದಿದ ಬಿಸ್ಕತ್ತು ಎಷ್ಟಾದರೂ ಹೋಗುತ್ತೆ. ಮಷಿನ್ ಮುಂದೆ ಕೂತು ದಿನವಿಡೀ ಬಾಯಾಡಿಸುತ್ತಿರುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಐಸ್‌ಕ್ರೀಂ ಡಬ್ಬಿ ಹೊರಗಿಟ್ಟು ಕರಗಿಸಿ ಕುಡಿಯುತ್ತೇನೆ. ಇದನ್ನು ಯಾರ ಹತ್ತಿರವೂ ಹೇಳಿಲ್ಲ. ಬೆಳಗ್ಗೆ ಎದ್ದು ಇವತ್ತು ಉಪವಾಸ ಅಂತ ನಿರ್ಧಾರ ಮಾಡಿ ಮಧ್ಯಾಹ್ನ ಎರಡರವರೆಗೆ ಚಹಾ ಬಿಟ್ಟು ಏನೂ ಮುಟ್ಟಲ್ಲ. ಸಂಜೆಗೆ ಮತ್ತೆ ಅದೇ ಕಥೆ.

ಬಿಸ್ಕತ್ತು ಪ್ಯಾಕೆಟ್ಟುಗಳನ್ನು ಮಷಿನ್ನಿನ ಡ್ರಾಯರ್‌ನಲ್ಲಿ ಲೈನಿಂಗ್ ಬಟ್ಟೆ ಕೆಳಗೆ ಇಡುತ್ತೇನೆ. ಹೋದ ತಿಂಗಳು ಮಗಳು ಬಾಬಿನ್ ಹುಡುಕಲು ಹೋಗಿ ಡ್ರಾಯರ್ ತೆಗೆದಳು. ಅವಳಿಗೆ 12 ವರ್ಷ. ಖಾಲಿ ಕವರುಗಳೆಲ್ಲ ಅಲ್ಲೇ ಇದ್ದವು. ಏನೂ ಅನ್ನಲಿಲ್ಲ. ಸಂಜೆ ನೋಡಿದರೆ ಕವರುಗಳನ್ನು ಒಂದರೊಳಗೊಂದು ಮಡಚಿ, ಅಜ್ಜಿಗೆ ಕಾಣಬಾರದು ಅಂತ ಹಳೇ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದ್ದಾಳೆ. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಅತ್ತೆ ‘ಹೊಟ್ಟೆ ಕೊಯ್ಸಿಕೊಂಡ್ರೂ ಬುದ್ಧಿ ಬರ್ಲಿಲ್ಲ’ ಅಂತಾರೆ. ಯಜಮಾನರು ಏನೂ ಅನ್ನಲ್ಲ, ಅದೇ ಕಷ್ಟ. ಡಾಕ್ಟರ ಹತ್ತಿರ ಹೋಗಿ ಒಂದೂವರೆ ವರ್ಷ ಆಯ್ತು. ತೂಕದ ಮಷಿನ್ ಹತ್ತಿಸುತ್ತಾರಲ್ಲ ಅಂತ ಹೋಗಿಲ್ಲ. ವಿಟಮಿನ್ ಮಾತ್ರೆಗಳೂ ಆವಾಗಲೇ ಮುಗಿದವು. ಇತ್ತೀಚೆಗೆ ಕೈ ಬೆರಳು, ಪಾದ ಜುಮುಜುಮು ಅನ್ನುತ್ತೆ, ಹೊಲಿದು ಹೊಲಿದು ಇರಬೇಕು. ನನ್ನ ಹೊಟ್ಟೆ ಮತ್ತೆ ಹಿಗ್ಗಿದೆಯಾ? ಇನ್ನೊಂದು ಆಪರೇಷನ್ ಬೇಕಾ? ಇದು ಕಾಯಿಲೆಯೋ, ನನ್ನ ಮನಸ್ಸೇ ಗಟ್ಟಿ ಇಲ್ಲವೋ? ನಾವು ಮೊಟ್ಟೆ, ಮಾಂಸ ತಿನ್ನಲ್ಲ.

ಉತ್ತರ: ಕೈಕಾಲು ಜುಮುಗುಡುತ್ತೆ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಉಳಿದದ್ದನ್ನು ಆಮೇಲೆ ಮಾತಾಡೋಣ, ಮೊದಲು ಇದು.

ಹೊಲಿಗೆಯಿಂದ ಬೆರಳು ಜುಮುಗುಡಬಹುದು. ಪಾದ ಯಾಕೆ ಜುಮುಗುಡಬೇಕು? ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದಿರುತ್ತಾರೆ. ಬಿ12 ಜೀವಸತ್ವವನ್ನು ಮೈ ಹೀರಿಕೊಳ್ಳಲು ಒಂದು ರಸ ಬೇಕು. ಆ ರಸ ಬರುತ್ತಿದ್ದ ಜಾಗದ ದೊಡ್ಡ ಪಾಲು ಅದರ ಜೊತೆ ಹೋಗಿದೆ. ಮೇಲಿಂದ ನೀವು ಸಸ್ಯಾಹಾರಿ, ಒಂದೂವರೆ ವರ್ಷದಿಂದ ಮಾತ್ರೆಯೂ ಇಲ್ಲ. ಬಿ12 ಕೊರತೆ ಹೀಗೇ ಶುರುವಾಗುತ್ತದೆ. ಬೇಗ ಹಿಡಿದರೆ ಇಂಜೆಕ್ಷನ್ನಿನಲ್ಲಿ ಸರಿಹೋಗುತ್ತದೆ. ಬಿಟ್ಟರೆ ನರಕ್ಕೆ ಆದ ಪೆಟ್ಟು ಹಾಗೇ ಉಳಿಯಬಹುದು. ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ. ಬಿ12, ಬಿ1, ಕಬ್ಬಿಣದ ಅಂಶ, ವಿಟಮಿನ್ ಡಿ, ಕ್ಯಾಲ್ಸಿಯಂ, ಜೊತೆಗೆ ಮೂರು ತಿಂಗಳ ಶುಗರ್ ಸರಾಸರಿ. ಶುಗರ್ ವಾಪಸ್ ಬಂದಿದ್ದರೂ ಪಾದ ಜುಮುಗುಡುತ್ತದೆ. ಈ ವಿಟಮಿನ್ ಮಾತ್ರೆಗಳು ಕೋರ್ಸ್ ಅಲ್ಲ, ಜೀವನಪೂರ್ತಿ. ಇದನ್ನು ಡಿಸ್ಚಾರ್ಜ್ ದಿನ ಯಾರೋ ಅವಸರದಲ್ಲಿ ಹೇಳಿರುತ್ತಾರೆ. ನಾವು ಆಟೋ ಬಂತಾ ಅಂತ ನೋಡುತ್ತಿರುತ್ತೇವೆ.

ಬೆಂಗಳೂರಿಗೇ ಹೋಗಬೇಕಂತಿಲ್ಲ. ದಾವಣಗೆರೆಯಲ್ಲೇ ಒಬ್ಬ ಫಿಸಿಶಿಯನ್ ಹತ್ತಿರ ಹೋಗಿ ‘ಸ್ಲೀವ್ ಆಗಿದೆ, ಮಾತ್ರೆ ಬಿಟ್ಟಿದ್ದೇನೆ’ ಅಂತ ಹೇಳಿದರೆ ಸಾಕು. ತೂಕದ ಮಷಿನ್ ಹತ್ತಿಸಿದರೆ ಬೆನ್ನು ತಿರುಗಿಸಿ ನಿಲ್ಲಿ. ನಂಬರ್ ನನಗೆ ಹೇಳಬೇಡಿ, ಬರೆದುಕೊಳ್ಳಿ ಅನ್ನಿ. ನಾನು ಹಾಗೆ ಮಾಡಿದ್ದೇನೆ. ನರ್ಸ್ ನಕ್ಕಳು, ಅಷ್ಟೇ.

ಹೌದು, ನಾನೂ ನಿಮ್ಮ ಸಾಲಿನವಳೇ. ಈ ಅಂಕಣದಲ್ಲಿ ಇದನ್ನು ಬರೆದಿರಲಿಲ್ಲ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ 22 ವರ್ಷ ಡಯಟಿಷಿಯನ್ ಆಗಿದ್ದೆ. 2013ರಲ್ಲಿ ನನಗೂ ಸ್ಲೀವ್ ಆಯಿತು. ಆಗ 109 ಕೆಜಿ. ಬೇರೆಯವರಿಗೆ ಡಯಟ್ ಚಾರ್ಟ್ ಬರೆದುಕೊಡುವವಳು 109 ಕೆಜಿ ಇದ್ದರೆ ಕಾರಿಡಾರಿನಲ್ಲಿ ಏನೇನು ಮಾತು ಬರುತ್ತವೆ ಅಂತ ನಿಮ್ಮ ಅತ್ತೆಯವರನ್ನು ಕೇಳಬೇಕಾಗಿಲ್ಲ. ನನಗೇ ಗೊತ್ತು.

ಹೊಟ್ಟೆ ಹಿಗ್ಗಿದೆಯಾ ಅಂತ ಕೇಳಿದ್ದೀರಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಎರಡು ಇಡ್ಲಿಗೆ ಎದೆಗೆ ಬಂದು ನಿಲ್ಲುತ್ತೆ ಅಂದಿರಲ್ಲ, ಅಂದರೆ ಸ್ಲೀವ್ ತನ್ನ ಕೆಲಸ ತಾನು ಮಾಡುತ್ತಿದೆ. ವರ್ಷ ಕಳೆದಂತೆ ಎಲ್ಲರಿಗೂ ಸ್ವಲ್ಪ ಸಡಿಲ ಆಗುತ್ತದೆ. ಆದರೆ ಉಳಿದಿರುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಗಟ್ಟಿ ಪದಾರ್ಥ ಅದರಲ್ಲಿ ಕೂರುತ್ತದೆ. ತುಂಬಿತು ಅನ್ನಿಸುತ್ತದೆ. ಮಂಡಕ್ಕಿ ಕೂರುವುದಿಲ್ಲ. ಬಾಯಲ್ಲೇ ಅರ್ಧ ಕರಗಿ, ಚಹಾದ ಜೊತೆ ಗಂಜಿಯಾಗಿ ಕೆಳಗೆ ಜಾರಿಬಿಡುತ್ತದೆ. ಅದ್ದಿದ ಬಿಸ್ಕತ್ತೂ ಅಷ್ಟೇ. ಐಸ್‌ಕ್ರೀಮನ್ನು ಕರಗಿಸಿ ಕುಡಿಯುತ್ತೇನೆ ಅಂದಿರಿ. ಅದು ನಿಮಗೆ ಯಾರೂ ಹೇಳಿಕೊಟ್ಟಿದ್ದಲ್ಲ, ಅಲ್ವಾ? ಯಾರೂ ಹೇಳಿಕೊಡದೆ ನನಗೂ ಗೊತ್ತಾಗಿತ್ತು. ಡಾಕ್ಟರು ಬಾಗಿಲು ಹಾಕಿದರೆ ಚಪಲ ಕಿಟಕಿ ಹುಡುಕುತ್ತದೆ. ಎರಡು ಇಡ್ಲಿಯಲ್ಲಿ ಇರುವುದು 120-150 ಕ್ಯಾಲೊರಿ. ನೂರು ಗ್ರಾಂ ನಿಪ್ಪಟ್ಟಿನಲ್ಲಿ ಹತ್ತಿರ ಹತ್ತಿರ 500. ಹೊಟ್ಟೆ ಅಳತೆ ಮಾಡುವುದು ಗಾತ್ರವನ್ನು, ಕ್ಯಾಲೊರಿಯನ್ನಲ್ಲ.

ಹಾಗಾಗಿ ಇನ್ನೊಂದು ಆಪರೇಷನ್ ಬಗ್ಗೆ ಈಗ ಯೋಚನೆ ಬೇಡ. ಸ್ಲೀವನ್ನು ಬೈಪಾಸ್‌ಗೆ (ಹೃದಯದ್ದಲ್ಲ, ಹೊಟ್ಟೆಯನ್ನು ಚಿಕ್ಕದು ಮಾಡಿ ಸೀದಾ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್) ಬದಲಾಯಿಸುತ್ತಾರೆ ನಿಜ. ವಿಪರೀತ ಎದೆಯುರಿ ಇದ್ದವರಿಗೆ, ಪರೀಕ್ಷೆಯಲ್ಲಿ ಸ್ಲೀವ್ ನಿಜವಾಗಿಯೂ ದೊಡ್ಡದಾಗಿದೆ ಅಂತ ಕಂಡವರಿಗೆ ಅದಕ್ಕೊಂದು ಅರ್ಥ ಇದೆ. ಮಷಿನ್ ಡ್ರಾಯರ್‌ನಲ್ಲಿ ಇರುವ ಬಿಸ್ಕತ್ತಿಗೆ ಅದು ಔಷಧಿ ಅಲ್ಲ. ಇನ್ನೊಂದು ಸೈಟ್ ಮಾರುವ ಮೊದಲು ಇಷ್ಟು ಓದಿ.

ಹಸಿವು ಬೇರೆ, ಚಪಲ ಬೇರೆ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇರುವುದು ಸುಮ್ನೆ ಅಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಹೊಟ್ಟೆಯ ಮೇಲಿನ ಉಬ್ಬಿದ ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವೇ ಹೋಗುತ್ತದೆ. ಅದಕ್ಕೇ ಮೊದಲ ವರ್ಷ ಹಸಿವು ಅಂದರೆ ಏನು ಅಂತಲೇ ಮರೆತುಹೋಗಿರುತ್ತದೆ. ಚಪಲವೂ ಹೋಯಿತು ಅಂದುಕೊಳ್ಳುತ್ತೇವೆ. ಅದು ಹೋಗಿರುವುದಿಲ್ಲ. ಹೊಸ ಬಟ್ಟೆ, ಜನರ ಹೊಗಳಿಕೆ, ಪ್ರತಿ ವಾರ ಇಳಿಯುವ ನಂಬರು, ಈ ಗಲಾಟೆಯಲ್ಲಿ ಅದರ ದನಿ ಕೇಳಿಸುವುದಿಲ್ಲ ಅಷ್ಟೇ. ಎರಡನೇ ವರ್ಷ ನಂಬರು ನಿಲ್ಲುತ್ತದೆ. ಹೊಗಳುವವರು ಸುಮ್ಮನಾಗುತ್ತಾರೆ. ಆಗ ಕೇಳಿಸುತ್ತದೆ.

ನಂಬರಿನ ಬಗ್ಗೆ ಒಂದು ಮಾತು. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ ಇದೆ. ಆಪರೇಷನ್ ಆದವರನ್ನು ದಶಕಗಟ್ಟಲೆ ಹಿಂಬಾಲಿಸಿ ನೋಡಿದರು. ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ 32ರಷ್ಟು ತೂಕ ಇಳಿದಿದ್ದರು. ಹತ್ತು ವರ್ಷಕ್ಕೆ ಅದು ಶೇ 25ಕ್ಕೆ ಬಂದಿತ್ತು. ಅಂದರೆ ಸ್ವಲ್ಪ ವಾಪಸ್ ಬರುವುದು ಲೋಕರೂಢಿ. ಈಗ ನಿಮ್ಮ ಲೆಕ್ಕ. 118ರಿಂದ 88. ಮೂವತ್ತು ಕೆಜಿ ಈಗಲೂ ಕಡಿಮೆ ಇದ್ದೀರಿ, ನಾಲ್ಕರಲ್ಲಿ ಒಂದು ಪಾಲು. ಇದನ್ನು ಸೋಲು ಅನ್ನಲು ನನಗೆ ಬಾಯಿ ಬರುವುದಿಲ್ಲ. ಇನ್ನೂ ಏರುತ್ತಿದೆ ಅನ್ನುವುದು ನಿಜ, ಅದಕ್ಕೇ ಈ ಉತ್ತರ.

ನಿಮ್ಮ ಪತ್ರದಲ್ಲಿ ನನಗೆ ಐಸ್‌ಕ್ರೀಮಿಗಿಂತ ಗಾಬರಿಯಾಗಿದ್ದು ಬೆಳಗಿನ ಉಪವಾಸ. ರಾತ್ರಿ ಮಾಡಿದ ತಪ್ಪಿಗೆ ಬೆಳಗ್ಗೆ ಶಿಕ್ಷೆ ಕೊಟ್ಟುಕೊಳ್ಳುತ್ತೀರಿ. ಆ ಶಿಕ್ಷೆಯೇ ಸಂಜೆಯ ತಪ್ಪನ್ನು ಹುಟ್ಟಿಸುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟರು. ಎಲ್ಲರೂ ಗಟ್ಟಿಮುಟ್ಟಾದ ಯುವಕರು, ತಾವಾಗಿಯೇ ಒಪ್ಪಿ ಬಂದವರು. ಊಟದ ಚಟ ಇದ್ದವರಲ್ಲ. ಕೆಲವು ವಾರಗಳಲ್ಲಿ ಅವರಿಗೆ ಊಟ ಬಿಟ್ಟರೆ ಬೇರೆ ಮಾತೇ ಇಲ್ಲದಂತಾಯಿತು. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ಸಾಲದು ಅಂದವರಿದ್ದರು. ಅವರ ಮನಸ್ಸು ಗಟ್ಟಿ ಇರಲಿಲ್ಲ ಅಂತ ಯಾರಾದರೂ ಅನ್ನುತ್ತಾರಾ? ಮೈಗೆ ಬರಗಾಲ ತೋರಿಸಿದರೆ ಮೈ ಲೂಟಿಗೆ ಇಳಿಯುತ್ತದೆ.

ಕಾಯಿಲೆಯೋ ಅಲ್ಲವೋ ಅನ್ನುವುದರ ಬಗ್ಗೆ ದೊಡ್ಡವರಲ್ಲೇ ಜಗಳ ಇದೆ. 2009ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಊಟದ ಚಟವನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಮಾತ್ರ ‘ಊಟದ ಚಟ’ ಅನ್ನುವ ಕಾಯಿಲೆ ಇಲ್ಲ. ತಡೆಯಿಲ್ಲದೆ, ಮುಚ್ಚಿಟ್ಟು, ಆಮೇಲೆ ನಾಚಿಕೆಪಡುತ್ತಾ ತಿನ್ನುವುದಕ್ಕೆ ‘ಬಿಂಜ್ ಈಟಿಂಗ್’ ಕಾಯಿಲೆ ಅಂತ 2013ರಿಂದ ಅಲ್ಲಿ ಜಾಗ ಸಿಕ್ಕಿದೆ. ನನ್ನ ಅಭಿಪ್ರಾಯ ಕೇಳಿದರೆ ಹೆಸರಿನ ಜಗಳ ಅವರಿಗೆ ಬಿಡೋಣ. ಚಿಕಿತ್ಸೆ ಇದೆ ಅನ್ನುವುದಷ್ಟೇ ನಿಮಗೆ ಬೇಕಾದ್ದು. ಮಾತಿನ ಚಿಕಿತ್ಸೆ ಇದೆ, ಕೆಲವರಿಗೆ ಮಾತ್ರೆಯೂ ಆಗುತ್ತದೆ. ಸಾರಾಯಿ ಚಟದವನಿಗೆ ಪೂರ್ತಿ ಬಿಡು ಅನ್ನಬಹುದು. ನಾವು ದಿನಕ್ಕೆ ನಾಲ್ಕೈದು ಸಲ ಆ ಅಂಗಡಿಗೆ ಹೋಗಿ ಒಂದೇ ಗುಟುಕು ಕುಡಿದು ಬರಬೇಕು. ‘ಊಟ ಬಲ್ಲವನಿಗೆ ರೋಗವಿಲ್ಲ’ ಅಂತ ಗಾದೆ ಮಾಡಿದವರಿಗೆ ಇದು ಗೊತ್ತಿರಲಿಲ್ಲ ಅನ್ನಿಸುತ್ತದೆ. ನನಗಿಂತ ಚೆನ್ನಾಗಿ ಊಟ ಬಲ್ಲವರು ನಮ್ಮ ಆಸ್ಪತ್ರೆಯಲ್ಲಿ ಯಾರಿದ್ದರು?

ನನ್ನ ಕಥೆ ಹೇಳುತ್ತೇನೆ. 2016. ನನಗೆ ಆಪರೇಷನ್ ಆಗಿ ಮೂರನೇ ವರ್ಷ. ನಾದಿನಿಯ ಮಗಳ ಮದುವೆ ಮುಗಿದು ಒಂದು ಸ್ಟೀಲ್ ಡಬ್ಬಿ ತುಂಬಾ ಬೇಳೆ ಹೋಳಿಗೆ ಮನೆಗೆ ಬಂದಿತ್ತು. ಊಟದ ಹೊತ್ತಿಗೆ ಅರ್ಧ ತಿಂದು, ಎಲ್ಲರೆದುರು ‘ಅಯ್ಯೋ ಸಾಕಪ್ಪ’ ಅಂದಿದ್ದೆ. ರಾತ್ರಿ ಹನ್ನೆರಡೂವರೆಗೆ ಎದ್ದೆ. ಅಡುಗೆಮನೆ ದೀಪ ಹಾಕಲಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದಿಟ್ಟುಕೊಂಡು ಆ ಬೆಳಕಿನಲ್ಲಿ ನಿಂತೆ. ಹೋಳಿಗೆಯನ್ನು ಕಿವುಚಿ ಲೋಟದ ಹಾಲಿಗೆ ಹಾಕಿ, ಬೆರಳಿನಿಂದ ಕಲಸಿ ಕುಡಿಯುತ್ತಿದ್ದೆ. ಮೂರು ಮುಗಿದು ನಾಲ್ಕನೆಯದಕ್ಕೆ ಕೈ ಹಾಕಿದ್ದೆ. ರುಚಿ ನೆನಪಿಲ್ಲ. ಫ್ರಿಜ್ ತಣ್ಣಗೆ ಪಾದಕ್ಕೆ ಬಡಿಯುತ್ತಿದ್ದದ್ದು ನೆನಪಿದೆ. ಅವತ್ತು ಬೆಳಗ್ಗೆ ಆ ಕೈಯೇ ಓಪಿಡಿಯಲ್ಲಿ ಕೂತು ಎಷ್ಟೋ ಜನಕ್ಕೆ ‘ಸಿಹಿ ಮುಟ್ಟಬೇಡಿ’ ಅಂತ ಬರೆದುಕೊಟ್ಟಿತ್ತು.

ನಮ್ಮವರು ನೀರು ಕುಡಿಯಲು ಬಂದರು. ದೀಪ ಹಾಕಿದರು. ನಾನು ಲೋಟ ಬೆನ್ನ ಹಿಂದೆ ಇಟ್ಟುಕೊಂಡೆ, 47 ವರ್ಷದ ಹೆಂಗಸು. ಅವರು ಡಬ್ಬಿ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಸ್ಟ್ಯಾಂಡಿನಿಂದ ಎರಡು ತಟ್ಟೆ ತೆಗೆದು ಟೇಬಲ್ ಮೇಲೆ ಇಟ್ಟು, ‘ನಂಗೂ ಒಂದು ಹಾಕು, ತುಪ್ಪ ಎಲ್ಲಿದೆ?’ ಅಂತ ಕೂತರು. ನಾನೂ ಕೂತೆ. ತಟ್ಟೆಯಲ್ಲಿ ನಾಲ್ಕನೇ ಹೋಳಿಗೆ ಇತ್ತು. ಎರಡು ತುತ್ತು ತಿಂದೆ. ಮೂರನೆಯದು ಹೋಗಲಿಲ್ಲ. ಹೊಟ್ಟೆ ತುಂಬಿದೆ ಅಂತ ಅಲ್ಲ, ಹೊಟ್ಟೆ ಯಾವಾಗಲೋ ತುಂಬಿತ್ತು. ದೀಪ ಹಾಕಿತ್ತು, ಅದಕ್ಕೆ.

ಅವತ್ತಿನಿಂದ ನಾನು ಇಟ್ಟುಕೊಂಡ ನಿಯಮ ಒಂದೇ. ಕೂತು ತಿನ್ನಬೇಕು, ತಟ್ಟೆಯಲ್ಲಿ ತಿನ್ನಬೇಕು, ದೀಪ ಹಾಕಿ ತಿನ್ನಬೇಕು. ಏನು ತಿನ್ನಬೇಕು ಅಂತ ಅದರಲ್ಲಿ ಇಲ್ಲ. ನಿಮಗೂ ಅದನ್ನೇ ಹೇಳುತ್ತೇನೆ. ಎರಡು ವಾರ ಏನನ್ನೂ ಬಿಡಬೇಡಿ. ಮಂಡಕ್ಕಿ ಭಟ್ಟಿಗಳ ಊರಲ್ಲಿ ಕೂತವರಿಗೆ ಮಂಡಕ್ಕಿ ಬಿಡಿ ಅನ್ನಲು ನನಗೇನು ತಲೆ ಕೆಟ್ಟಿದೆಯಾ? ನರ್ಗಿಸ್ ಮಂಡಕ್ಕಿ ಬೇಕಾದರೆ ತಿನ್ನಿ. ಆದರೆ ಮಷಿನ್ ಬಿಟ್ಟು ಎದ್ದು, ಬಟ್ಟಲಿಗೆ ಹಾಕಿಕೊಂಡು, ಅತ್ತೆ ಇದ್ದರೆ ಅತ್ತೆ ಎದುರಿಗೇ, ಚಹಾ ಇಲ್ಲದೆ. ಡ್ರಾಯರ್‌ನಲ್ಲಿ ಬಾಬಿನ್, ಕತ್ತರಿ, ಚಾಕ್ ಮಾತ್ರ ಇರಲಿ. ಐಸ್‌ಕ್ರೀಂ ಬೇಕೆನಿಸಿದರೆ ದೀಪ ಹಾಕಿ, ಕಪ್ಪಿಗೆ ಹಾಕಿಕೊಂಡು, ಗಟ್ಟಿಯಾಗಿರುವಾಗಲೇ ಚಮಚದಲ್ಲಿ ತಿನ್ನಿ. ಎಷ್ಟು ಹೋಗುತ್ತೆ ನೋಡಿ.

ಜೊತೆಗೆ ಬೆಳಗ್ಗೆ ಎದ್ದು ಒಂದು ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಬೇಕು. ದಿನಕ್ಕೆ 60 ಗ್ರಾಂ ಪ್ರೋಟೀನ್ ನಮ್ಮಂಥವರ ಲೆಕ್ಕ. ಮೊಟ್ಟೆ ತಿನ್ನದವರಿಗೆ ಇದು ಕಷ್ಟ, ಆಗದ್ದೇನಲ್ಲ. ನೂರು ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಸಿಗುತ್ತದೆ. ಒಣಗಿದ ಸೋಯಾ ಚಂಕ್ಸ್ 50 ಗ್ರಾಂ ಅಂದರೆ 25 ಗ್ರಾಂ ಬಂತು. ಉಳಿದದ್ದು ಹೆಸರುಬೇಳೆ ದೋಸೆ, ಮೊಳಕೆ ಕಾಳಿನ ಪಲ್ಯ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು. ತಟ್ಟೆಯಲ್ಲಿ ಮೊದಲ ತುತ್ತು ಇವುಗಳದ್ದೇ ಆಗಿರಲಿ, ಅನ್ನ, ರೊಟ್ಟಿ ಆಮೇಲೆ. ನೀರು, ಚಹಾ, ಮಜ್ಜಿಗೆ ಊಟವಾಗಿ ಅರ್ಧ ಗಂಟೆ ಬಿಟ್ಟು.

ಇನ್ನೊಂದು ಕೆಲಸ. ನಿಮ್ಮ ಹತ್ತಿರ ಗಿರಾಕಿಗಳ ಅಳತೆ ಪುಸ್ತಕ ಇರುತ್ತದಲ್ಲ, ಅದರ ಕೊನೇ ಪುಟದಿಂದ ಹಿಂದಕ್ಕೆ ಬರೆಯುತ್ತಾ ಬನ್ನಿ. ಗಂಟೆ ಎಷ್ಟು, ಏನು ತಿಂದಿರಿ, ಅದಕ್ಕೆ ಮೊದಲು ಏನಾಯಿತು. ಕ್ಯಾಲೊರಿ ಬೇಡ, ಬೈಗುಳ ಬೇಡ. ‘11.20, ಐಸ್‌ಕ್ರೀಂ, ಕಂಕುಳು ಬಿಗಿಯಾಯ್ತು ಅಂತ ಗಿರಾಕಿ ಬೈದು ಹೋದಳು.’ ಇಷ್ಟೇ. ನನ್ನ ಪುಸ್ತಕದಲ್ಲಿ ಹತ್ತು ದಿನಕ್ಕೇ ಗೊತ್ತಾಯಿತು, ಹತ್ತರಲ್ಲಿ ಏಳು ಸಲ ನಾನು ತಿಂದದ್ದು ಯಾರ ಮೇಲೋ ಬಂದ ಸಿಟ್ಟನ್ನು ನುಂಗಿದ ದಿನ. ನಿಮ್ಮದು ಬೇರೆ ಇರಬಹುದು. ಒಂದೇ ಕಡೆ ಕೂತು ಹೊಲಿಯುವ ಬೇಸರ ಇರಬಹುದು, ಸೈಟ್ ಮಾರಿದ ಋಣ ಇರಬಹುದು.

ಒಬ್ಬರೇ ಆಗುವುದಿಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ‘ಕದ್ದು ತಿನ್ನುತ್ತೇನೆ, ನಿಲ್ಲಿಸಲಾಗುತ್ತಿಲ್ಲ, ನಿದ್ದೆ ಇಲ್ಲ’ ಅಂತ ಈ ಪತ್ರದಲ್ಲಿ ಬರೆದ ಹಾಗೇ ಹೇಳಿ. ಹತ್ತಿರದಲ್ಲಿ ಯಾರನ್ನು ಕಾಣಬೇಕು ಅಂತ ದಾರಿ ತೋರಿಸುತ್ತಾರೆ. ಅತಿಯಾಗಿ ತಿನ್ನುವವರೇ ಸೇರಿ ಮಾತಾಡುವ ಓವರ್‌ಈಟರ್ಸ್ ಅನಾನಿಮಸ್ ಅನ್ನುವ ಗುಂಪೂ ಇದೆ, 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ್ದು. ಆನ್‌ಲೈನ್ ಸಭೆಗಳು ನಡೆಯುತ್ತವೆ. ನನಗೆ ಅವರ ಪ್ರಾರ್ಥನೆ, ಚಟ ಬಿಡಲು ಅವರು ಹಾಕಿಕೊಟ್ಟ ಮೆಟ್ಟಿಲುಗಳು ಅಷ್ಟಾಗಿ ಹಿಡಿಸಲಿಲ್ಲ. ಅದರಿಂದ ಬದುಕು ಸರಿಮಾಡಿಕೊಂಡವರನ್ನು ಮಾತ್ರ ನೋಡಿದ್ದೇನೆ.

ಕೊನೆಗೆ ಮಗಳು. ತಂಗಿ, ಆ ಮಗು ಕವರುಗಳನ್ನು ಪೇಪರಿನಲ್ಲಿ ಸುತ್ತಿದ್ದು ನಿಮ್ಮನ್ನು ಕಾಪಾಡಲು. ಅದು ಪ್ರೀತಿ, ನಿಜ. ಆದರೆ ಮುಚ್ಚಿಡುವ ಕೆಲಸವನ್ನು ಅವಳೂ ಕಲಿತಳು. ಇವತ್ತು ಸಂಜೆ ಅವಳು ಸ್ಕೂಲಿಂದ ಬಂದಾಗ ದೊಡ್ಡ ಭಾಷಣ ಮಾಡಬೇಡಿ, ಅಳಬೇಡಿ. ‘ಡ್ರಾಯರ್‌ನಲ್ಲಿ ನೀನು ನೋಡಿದ್ದು ನಂಗೆ ಗೊತ್ತು. ಅಮ್ಮಂಗೆ ಅದೊಂದು ತೊಂದ್ರೆ ಇದೆ, ಡಾಕ್ಟರ್ ಹತ್ರ ಹೋಗ್ತಿದ್ದೀನಿ. ನೀನು ಮುಚ್ಚಿಡಬೇಕಾಗಿಲ್ಲ’ ಅಂತ ಹೇಳಿ. ಆಮೇಲೆ ಇಬ್ಬರೂ ಒಂದೇ ಬಟ್ಟಲಲ್ಲಿ ಮಂಡಕ್ಕಿ ಹಾಕಿಕೊಂಡು ಕೂತರೂ ನನ್ನ ತಕರಾರಿಲ್ಲ.

ನನ್ನದು ಪೂರ್ತಿ ಸರಿಹೋಗಿದೆ ಅಂದುಕೊಳ್ಳಬೇಡಿ. 68ಕ್ಕೆ ಇಳಿದಿದ್ದವಳು ಈಗ 74. ಹೋದ ದೀಪಾವಳಿಯಲ್ಲಿ ಒಂದು ಸಲ ಉಗ್ರಾಣದ ಬಾಗಿಲು ಹಾಕಿಕೊಂಡು ಕೊಬ್ಬರಿ ಮಿಠಾಯಿ ತಿಂದೆ. ಪುಸ್ತಕದಲ್ಲಿ ಬರೆದಿದ್ದೇನೆ.

ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಅಂಕಣಕ್ಕಲ್ಲ, ನನಗೆ.

ಪ್ರಶ್ನೆ: ನನ್ನ ಹೆಂಡತಿಗೆ ಬೈಪಾಸ್ ಆಗಿ ಎರಡು ವರ್ಷ. ಮತ್ತೆ ಕುರುಕಲು ತಿನ್ನಲು ಶುರು ಮಾಡಿದ್ದಾಳೆ. ತಿಂಡಿ ಡಬ್ಬಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀ ನಾನೇ ಇಟ್ಟುಕೊಂಡಿದ್ದೇನೆ. ಆದರೂ ತೂಕ ಇಳಿಯುತ್ತಿಲ್ಲ. ಏನು ಮಾಡಲಿ? — ಶಿವಮೊಗ್ಗ

ಉತ್ತರ: ಕೀ ವಾಪಸ್ ಕೊಡಿ. ನಿಮ್ಮ ಬೀಗದಿಂದ ಆಕೆ ತಿನ್ನುವುದನ್ನು ಬಿಟ್ಟಿಲ್ಲ, ನಿಮ್ಮೆದುರು ತಿನ್ನುವುದನ್ನು ಬಿಟ್ಟಿದ್ದಾರೆ. ಮನೆಯಲ್ಲಿ ಪೊಲೀಸ್ ಇದ್ದರೆ ಕಳ್ಳತನ ಶುರುವಾಗುತ್ತದೆ. ಮೇಲಿನ ಉತ್ತರದಲ್ಲಿ ನಮ್ಮವರು ಎರಡು ತಟ್ಟೆ ತೆಗೆದಿಟ್ಟ ಭಾಗವನ್ನು ಇನ್ನೊಮ್ಮೆ ಓದಿ.

ಪ್ರಶ್ನೆ: ಬೈಪಾಸ್ ಆದ ಮೇಲೆ ನನ್ನ ತಿನ್ನುವ ಚಟ ಪೂರ್ತಿ ಹೋಗಿದೆ. 52 ಕೆಜಿ ಇಳಿದಿದ್ದೇನೆ. ಮೊದಲು ಕುಡಿಯುತ್ತಲೇ ಇರಲಿಲ್ಲ. ಈಗ ಸಂಜೆ ಒಂದು ಪೆಗ್ ಹಾಕಿದರೆ ನಿರಾಳ ಅನ್ನಿಸುತ್ತದೆ. ಬೇಗ ಏರುತ್ತೆ ಕೂಡ, ಹಾಗಾಗಿ ಖರ್ಚೂ ಕಡಿಮೆ! ವಯಸ್ಸು 34. ಇದರಿಂದ ಮತ್ತೆ ದಪ್ಪ ಆಗುತ್ತೇನಾ? — ಬೆಂಗಳೂರು

ಉತ್ತರ: ನೀವು ನಗುತ್ತಾ ಬರೆದಿದ್ದೀರಿ, ನನಗೆ ನಗು ಬರಲಿಲ್ಲ. ದಪ್ಪ ಆಗುವುದು ಇಲ್ಲಿ ಸಣ್ಣ ವಿಷಯ. ಬೈಪಾಸ್ ಆದವರಲ್ಲಿ ಮದ್ಯ ಹೊಟ್ಟೆಯಲ್ಲಿ ನಿಲ್ಲದೆ ಸೀದಾ ಸಣ್ಣ ಕರುಳಿಗೆ ಇಳಿದು ರಕ್ತಕ್ಕೆ ಸೇರುತ್ತದೆ. ನಿಮ್ಮ ಒಂದು ಪೆಗ್ ಈಗ ಒಂದು ಪೆಗ್ ಅಲ್ಲ. ಅಮೆರಿಕದ 10 ಆಸ್ಪತ್ರೆಗಳಲ್ಲಿ ಆಪರೇಷನ್ ಆದವರನ್ನು ನೋಡಿ 2012ರಲ್ಲಿ ಒಂದು ವರದಿ ಬಂತು. ಕುಡಿತದ ಕಾಯಿಲೆ ಇದ್ದವರು ಆಪರೇಷನ್‌ಗೆ ಮೊದಲು ಶೇ 7.6. ಮೊದಲ ವರ್ಷ ಏನೂ ಏರಲಿಲ್ಲ. ಎರಡನೇ ವರ್ಷಕ್ಕೆ ಶೇ 9.6 ಆಯಿತು. ಬೈಪಾಸ್ ಆದವರಲ್ಲೇ ಅಪಾಯ ಜಾಸ್ತಿ ಕಂಡಿತು. ತಿನ್ನುವ ಚಟ ಹೋಗಿದೆ ಅಂದಿರಿ. ಮನೆ ಬದಲಾಯಿಸಿದೆ ಅಂತ ನನಗೆ ಅನುಮಾನ. ಈ ತಿಂಗಳು ಪೂರ್ತಿ ಒಂದು ತೊಟ್ಟೂ ಮುಟ್ಟದೆ ಇದ್ದು ನೋಡಿ. ಆರಾಮಾಗಿ ಆದರೆ ಸಂತೋಷ. ಮೂರನೇ ದಿನಕ್ಕೆ ‘ಈ ಮೇಡಂಗೇನು ಗೊತ್ತು’ ಅನ್ನಿಸಿದರೆ ನಿಮ್ಹಾನ್ಸ್ ನಿಮ್ಮ ಊರಲ್ಲೇ ಇದೆ, ಚಟ ಬಿಡಿಸುವ ವಿಭಾಗವೂ ಇದೆ. ಡ್ರೈವಿಂಗ್ ಅಂತೂ ಬೇಡವೇ ಬೇಡ.

ಪ್ರಶ್ನೆ: ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಂತಲ್ಲ, ಆಪರೇಷನ್ ಆಗಿ ತೂಕ ವಾಪಸ್ ಬಂದವರೂ ತಗೊಳ್ಳಬಹುದಾ? ತಗೊಂಡರೆ ತಿನ್ನಬೇಕು ಅನ್ನುವ ಯೋಚನೆಯೇ ಬರಲ್ಲವಂತೆ, ನಿಜವಾ? — ಮಂಗಳೂರು

ಉತ್ತರ: ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಬಗ್ಗೆ ಕೇಳುತ್ತಿದ್ದೀರಿ. ಟಿರ್ಜೆಪಟೈಡ್ ನಮ್ಮ ದೇಶಕ್ಕೆ ಬಂದದ್ದು 2025ರ ಮಾರ್ಚಿನಲ್ಲಿ. ಆಪರೇಷನ್ ಆದವರಿಗೂ ಡಾಕ್ಟರು ಬರೆದುಕೊಡುವುದಿದೆ. ತಲೆಯೊಳಗಿನ ಊಟದ ಗದ್ದಲ ಕಡಿಮೆಯಾಯಿತು ಅಂತ ತುಂಬಾ ಜನ ಹೇಳುತ್ತಾರೆ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷದ ನಂತರ ನೋಡಿದಾಗ ಇಳಿದಿದ್ದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಎಷ್ಟು ವರ್ಷ ತಗೊಳ್ಳಬೇಕು, ತಿಂಗಳಿಗೆ ಎಷ್ಟಾಗುತ್ತೆ ಅಂತ ಮೊದಲೇ ಕೂತು ಲೆಕ್ಕ ಹಾಕಿ. ನಮ್ಮಂಥ ಚಿಕ್ಕ ಹೊಟ್ಟೆಯವರಿಗೆ ವಾಂತಿ, ಪ್ರೋಟೀನ್ ಕೊರತೆ ಬೇಗ ಕಾಡಬಹುದು. ಸ್ನೇಹಿತರ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಗೊಳ್ಳುವ ಔಷಧಿ ಅಲ್ಲ ಇದು.

ಪ್ರಶ್ನೆ: ಬೈಪಾಸ್ ಆಗಿ ಒಂದು ವರ್ಷ. ಯುಗಾದಿಗೆ ಹೋಳಿಗೆ ತಿನ್ನಬಹುದಾ? ಹೋದ ತಿಂಗಳು ಒಂದು ಜಾಮೂನು ಬಾಯಿಗೆ ಹಾಕಿಕೊಂಡೆ. ಹತ್ತು ನಿಮಿಷಕ್ಕೆ ಬೆವರು, ಎದೆ ಡವಡವ, ಸೋಫಾ ಮೇಲೆ ಮಲಗಿಬಿಟ್ಟೆ. — ತುಮಕೂರು

ಉತ್ತರ: ಅದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಕ್ಕರೆ ಒಂದೇ ಸಲಕ್ಕೆ ಕರುಳಿಗೆ ಸುರಿದಾಗ ಹಾಗಾಗುತ್ತದೆ. ಖಾಲಿ ಹೊಟ್ಟೆಗೆ ಸಿಹಿ ಹಾಕಿಕೊಂಡಿದ್ದಿರಿ ಅಂತ ಕಾಣುತ್ತದೆ. ಎರಡು-ಮೂರು ಗಂಟೆ ಬಿಟ್ಟು ಮತ್ತೆ ಕೈ ನಡುಗಿ ತಲೆ ಸುತ್ತಿದರೆ ಅದು ಶುಗರ್ ಇಳಿದದ್ದು, ಡಾಕ್ಟರಿಗೆ ಹೇಳಲೇಬೇಕು.

ಯುಗಾದಿ ದಿನ ಮೊದಲು ಕೋಸಂಬರಿ, ಕಾಳಿನ ಪಲ್ಯ ತಿನ್ನಿ. ಆಮೇಲೆ ಹೋಳಿಗೆಯಲ್ಲಿ ಕಾಲು ಭಾಗ ಮುರಿದುಕೊಳ್ಳಿ. ಹಾಲು ಬೇಡ, ಒಂದು ಚೂರು ತುಪ್ಪ ಇರಲಿ. ನಿಧಾನಕ್ಕೆ ಅಗಿಯಿರಿ. ಉಳಿದ ಮುಕ್ಕಾಲನ್ನು ಫ್ರಿಜ್ಜಿಗೆ ಎತ್ತಿಡಬೇಡಿ, ಪಕ್ಕದಲ್ಲಿ ಕೂತವರ ಎಲೆಗೆ ಆಗಲೇ ಹಾಕಿಬಿಡಿ.